ಕೆನಾಲ್ ದಂಡೆಯ ಹದಿನಾಲ್ಕು ಅಪಾಯಗಳು

ಸೈಕಲ್ ಹೊಡೆಯುವವರು ಕಾಲುವೆಗೆ ಬೀಳಬಹುದು. ಅವರನ್ನು ಎತ್ತಲು ಹೋದವರೂ ಬೀಳಬಹುದು. ಕಬ್ಬಿನ ಹೊಲದಿಂದ ಹಾವು ಬರಬಹುದು. ಎದುರಿನಿಂದ ಕುರಿಹಿಂಡು, ಹಿಂದಿನಿಂದ ಎಮ್ಮೆ ಬಂದರೆ ನಡುವೆ ಸಿಕ್ಕವರ ಗತಿ ಏನು? ಜಾಲಿಮುಳ್ಳು ಚುಚ್ಚಿ ಚಕ್ರದ ಗಾಳಿ ಹೋಗಬಹುದು. ಜೇನು ಏಳಬಹುದು. ಮಳೆಗಾಲದಲ್ಲಿ ದಂಡೆಯೇ ಕುಸಿಯಬಹುದು...

ಹೀಗೆ ಒಟ್ಟು ಹದಿನಾಲ್ಕು. ಅಕ್ಷರ ನನ್ನದೇ. ಹೋದ ವಾರ ವಿಮೆಯ ಕಾಗದ ಹುಡುಕುವಾಗ ಈ ಕಾರ್ಬನ್ ಪ್ರತಿ ಕೈಗೆ ಸಿಕ್ಕಿತು. ಮೂಗಿಗೆ ಹಿಡಿದರೆ ಇನ್ನೂ ಸೀಮೆಎಣ್ಣೆಯಂಥ ಸಣ್ಣ ವಾಸನೆ. ಅದರ ಹಿಂದೆಯೇ ಗೇಟಿನ ಕಾಕಾ ನೆನಪಾದರು.

ಧುಪದಾಳದ ಕಡೆಯಿಂದ ಬರುವ ಕಾಲುವೆಯ ಗೇಟುಗಳನ್ನು ಏರಿಸಿ ಇಳಿಸುವುದು ಅವರ ಕೆಲಸ. ಗೇಟು ತಿರುಗಿಸುವ ಕಬ್ಬಿಣದ ಹಿಡಿಕೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ದಿನಾ ದಂಡೆಯ ಮೇಲೆ ಹೋಗಿ ಬರುತ್ತಿದ್ದರು. ನಾನು ಬೆಲ್ಲದ ಬಾಗೇವಾಡಿ ಬಿಟ್ಟು ಗೋಕಾಕದ ಹತ್ತಿರದ ಶಾಲೆಗೆ ಆಗಷ್ಟೇ ವರ್ಗವಾಗಿ ಬಂದಿದ್ದೆ. ಸಕ್ಕರೆ ಕಾಯಿಲೆ ಬಂದೀತೆಂದು (ಬಂದಿರಲಿಲ್ಲ, ಇಂದಿಗೂ ಬಂದಿಲ್ಲ) ಸಂಜೆ ದಂಡೆಯ ಮೇಲೆ ನಡೆಯಲು ಶುರು ಮಾಡಿದೆ. ಮೊದಲ ದಿನವೇ ಕಾಕಾ ಸೈಕಲ್ ಇಳಿದರು.

"ಮಾಸ್ತರ್, ನೀರಾಗ ಏನ ಕಳಕೊಂಡೀರಿ?"

"ಇನ್ನೂ ಏನಿಲ್ರಿ ಕಾಕಾ. ಬಿದ್ರ ಎಲ್ಲಿ ಹಿಡಕೋಬೇಕು ಅಂತ ನೋಡಾಕತ್ತೇನಿ."

ಅವರು ನಗಲಿಲ್ಲ. ನನ್ನನ್ನು ಹೊಲದ ಕಡೆಗೆ ಸರಿಸಿ, ಸೈಕಲ್ ತಳ್ಳಿಕೊಂಡು ತಾವು ನೀರಿನ ಕಡೆ ನಡೆದರು. ಮೂರು ವರ್ಷ ಹಾಗೆಯೇ ನಡೆದೆವು. ಮಾತು ಬಹಳ ಇರುತ್ತಿರಲಿಲ್ಲ. ಆದರೂ ದಿನವೆಲ್ಲ ಶಾಲೆಯಲ್ಲಿ ಗಂಟಲು ಹರಿದುಕೊಂಡವನಿಗೆ, ಯಾರೊಂದಿಗಾದರೂ ಮಾತಾಡಿದೆ ಅನಿಸುತ್ತಿದ್ದುದು ಅಲ್ಲಿ ಮಾತ್ರ...

ಕಾಕಾರ ನಿವೃತ್ತಿ ಹತ್ತಿರ ಬಂದಾಗ ದಂಡೆಯ ಎರಡೂ ತುದಿಗೆ ಸರಪಳಿ ಕಟ್ಟಿ ಬೀಗ ಹಾಕುತ್ತಾರೆಂಬ ಸುದ್ದಿ ಬಂತು. ಇನ್ನು ನೌಕರರಿಗಷ್ಟೇ ದಾರಿ.

"ಅಂದ್ರ ಮುಂದಿನ ತಿಂಗಳಿಂದ ನಾನೂ ಹೊರಗಿನಾವ," ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಮಾಸ್ತರ್, ಒಂದ ಅರ್ಜಿ ಬರೀರಿ. ಮಂದಿ ಅಡ್ಡಾಡಾಕ, ಸೈಕಲ್ ಹೊಡ್ಯಾಕ ದಂಡಿ ಬಿಡ್ರಿ ಅಂತ. ಬಾಜೂಕ ನಾಕ ಗಿಡಾ ಹಚ್ಚಿದ್ರ ಸಾಕು. ಎರಡ ಸಾಲ ಬರೀರಿ."

ಎರಡು ಸಾಲಿಗೆ ನಿಲ್ಲುವ ಜಾಯಮಾನ ನನ್ನದಲ್ಲ. ನಾಳೆ ಯಾರಾದರೂ ಬಿದ್ದರೆ ಅರ್ಜಿ ಬರೆದವನನ್ನೇ ಹಿಡಿದಾರು ಎಂದು, ಆಗಬಹುದಾದ ಅನಾಹುತಗಳನ್ನೆಲ್ಲ ಕೆಳಗೆ ಪಟ್ಟಿ ಮಾಡಿದೆ. ಕಾಕಾ ಓದಲಿಲ್ಲ. ನನ್ನನ್ನು ನಂಬಿ, ಪೆನ್ನು ಒತ್ತಿ ಸಹಿ ಹಾಕಿದರು.

ನಾನೊಬ್ಬನೇ ಒಯ್ದು ಕೊಟ್ಟ ಅರ್ಜಿಯನ್ನು ನೀರಾವರಿ ಕಚೇರಿಯ ಸಾಹೇಬರು ಓದಿ ನನ್ನ ಮುಖ ನೋಡಿದರು. "ಇಷ್ಟೆಲ್ಲಾ ಆಗತೈತಿ ಅಂತ ನೀವ ಬರದೀರಿ. ಮತ್ತ ದಾರಿ ಬಿಡ್ರಿ ಅಂತನೂ ನೀವ ಅಂತೀರಿ. ಬೀಗ ಹಾಕೂದ ಚಲೋ ಅಲ್ಲೇನ್ರಿ?"

ಆ ವಾರವೇ ಬೀಗ ಬಿತ್ತು.

ಕಾಕಾ ಕುಲಗೋಡಕ್ಕೆ, ಮಗಳ ಮನೆಗೆ ಹೋದರು. ಒಮ್ಮೆ ಬಸ್ಸಿಳಿದು ನೆಟ್ಟಗೆ ಸರಪಳಿಯ ತನಕ ಬಂದು ನಿಂತಿದ್ದರು.

"ಅರ್ಜಿ ಏನಾತ್ರಿ?"

"ಮ್ಯಾಲ ಹೋಗೇತ್ರಿ ಕಾಕಾ. ಆಗತೈತಿ."

ಸರಪಳಿ ಮೊಣಕಾಲೆತ್ತರ. ದಾಟುವುದು ಕಷ್ಟವೇನಿರಲಿಲ್ಲ, ಅವರು ದಾಟಲಿಲ್ಲ. "ಆಗ್ಲಿ ತಗೋರಿ. ಆದ ಮ್ಯಾಲ ಬರತೇನಿ," ಎಂದರು. ಪಟ್ಟಿಯ ವಿಷಯ ಹೇಳಿಬಿಡೋಣವೆಂದು ಬಾಯಿ ತೆರೆದೆ... ಅಷ್ಟರಲ್ಲಿ ಬಸ್ ಬಂತು. ಅಥವಾ ಬಸ್ ಬರುವ ತನಕ ನಾನೇ ತಡೆದೆನೋ ಏನೋ. ಮರುವರ್ಷ ಅವರು ತೀರಿಕೊಂಡರು. ಸುದ್ದಿ ನನಗೆ ತಲುಪುವ ಹೊತ್ತಿಗೆ ಮಣ್ಣು ಮಾಡಿ ವಾರವಾಗಿತ್ತು.

ಈಗ ದಾರಿ ಆಗಿದೆ. ಬೇರೆ ಯಾರೋ ಕೇಳಿದರಂತೆ, ಬಹುಶಃ ಎರಡೇ ಸಾಲಿನಲ್ಲಿ. ಸರಪಳಿ ತೆಗೆದು, ಗರಸುಮಣ್ಣು ಹಾಕಿ, ರೋಲರ್ ಹೊಡೆದು, ಬೇವಿನ ಸಸಿ ನೆಟ್ಟಿದ್ದಾರೆ. ದಿನಾ ಸಂಜೆ ಹೋಗುತ್ತೇನೆ. ಯಾರೂ ಬಿದ್ದಿಲ್ಲ. ಹಾವಿಲ್ಲ, ಜೇನಿಲ್ಲ. ಹದಿನಾಲ್ಕರಲ್ಲಿ ಒಂದೂ ಆಗಿಲ್ಲ.

ಆದದ್ದು ಇಷ್ಟೇ. ನಿನ್ನೆ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಹಿಂದಿನಿಂದ ಗಂಟೆ ಬಾರಿಸುತ್ತ ಬಂದ. ನಾನು ನಡುದಾರಿಯಲ್ಲಿದ್ದೆ, ನೀರಿನ ಕಡೆ ಒಬ್ಬರು ಸೈಕಲ್ ತಳ್ಳಿಕೊಂಡು ನಡೆಯುವಷ್ಟು ಜಾಗ ಬಿಟ್ಟುಕೊಂಡು. ಅಷ್ಟು ಅಂಚಿಗೆ ಬರಲು ಅಂಜಿ ಅವನು ಹೊಲದ ಕಡೆ ಇಳಿದ. ಚಕ್ರ ರಾಡಿಯಲ್ಲಿ ಸಿಕ್ಕು ಒಂದಿಷ್ಟು ಹಾಲು ತುಳುಕಿತು.

"ಒಬ್ರ ಅದೀರಲ್ರಿ ಸರ್," ಎಂದ. "ಇಬ್ಬರ ಜಾಗಾ ಹಿಡಕೊಂಡ ಯಾಕ ನಡೀತೀರಿ?"

ತಪ್ಪಾತು ಎಂದು ಹೇಳಿ, ನೀರಿನ ಕಡೆಗೆ ಸರಿದು ನಿಂತೆ.