ಬಾಬಣ್ಣನ ನೀಲಿ ಬಾಗಿಲು

ಕುವೈತಿನ ಅಂಗಡಿಗಳೆಲ್ಲ ಮಧ್ಯಾಹ್ನ ಒಂದಕ್ಕೆ ಮುಚ್ಚಿ ನಾಲ್ಕೂವರೆಗೆ ಮತ್ತೆ ತೆರೆಯುತ್ತಿದ್ದ ಕಾಲ ಅದು. ಅಪ್ಪಂದಿರು ಮನೆಗೆ ಬಂದು ಉಂಡು, ಒಂದು ಕೋಳಿನಿದ್ದೆ ತೆಗೆದು, ಮುಖ ತೊಳೆದುಕೊಂಡು ಎರಡನೇ ಸಲ ಕೆಲಸಕ್ಕೆ ಹೊರಡುತ್ತಿದ್ದರು. ಗಲ್ಫಿನಲ್ಲಿ ಬೆಳೆದ ನಮ್ಮಂಥವರಿಗೆ ಅಪ್ಪ ಎಂದರೆ ಆ ಮೂರೂವರೆ ಗಂಟೆ. ಫರ್ವಾನಿಯಾದ ನಮ್ಮ ಫ್ಲ್ಯಾಟಿನಲ್ಲಿ ಆ ಹೊತ್ತಿಗೆ ಕುಚ್ಚಲಕ್ಕಿ ಅನ್ನದ ಹಬೆ, ಹುರಿದ ಒಣಮೀನು, ಹಳೆಯ ಎ.ಸಿ.ಯ ಧೂಳಿನ ವಾಸನೆ ಎಲ್ಲ ಕಲೆತು ಹೋಗಿರುತ್ತಿದ್ದವು. ಅಪ್ಪ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವರು. ಎಷ್ಟು ತೊಳೆದರೂ ಅವರ ಬೆರಳ ಸಂದಿಯಲ್ಲಿ ಒಂದಿಷ್ಟು ಬಿಳಿ ಪುಡಿ ಉಳಿದೇ ಇರುತ್ತಿತ್ತು.

ನನಗಾಗ ಏಳು ವರ್ಷ. ಅಮ್ಮ ಎರಡನೇ ಹೆರಿಗೆಗೆಂದು ಕಾರ್ಕಳದ ಹತ್ತಿರದ ತವರಿಗೆ ಹೋಗಿದ್ದಳು. ನನ್ನ ಶಾಲೆ ತಪ್ಪಬಾರದೆಂದು ನನ್ನನ್ನು ಅಪ್ಪನ ಬಳಿಯೇ ಬಿಟ್ಟಿದ್ದರು. ಅಪ್ಪ ಸಂಜೆಯ ಅಂಗಡಿಗೆ ಹೋದ ಮೇಲೆ ಎದುರು ಫ್ಲ್ಯಾಟಿನ ಗ್ರೇಸಿ ಆಂಟಿಯ ಮನೆಯಲ್ಲಿ ನನ್ನ ವಾಸ. ಅವರು ಮಂಗಳೂರು ಕಡೆಯ ಕೊಂಕಣಿಯವರು, ಆಸ್ಪತ್ರೆಯಲ್ಲಿ ನರ್ಸ್.

ಮೂರು ಗಂಟೆಗೆ ಟಿ.ವಿ.ಯಲ್ಲಿ ಅರಬಿಯಲ್ಲಿ ಒಂದು ಕಾರ್ಟೂನು ಬರುತ್ತಿತ್ತು. ಅಂಚೆಚೀಲ ಹೊತ್ತು ಬೆಟ್ಟದ ಊರುಗಳಿಗೆ ಕಾಗದ ಹಂಚುವ ಒಂದು ಮರಿಕತ್ತೆಯ ಕಥೆ. ಲೋಕಕ್ಕೆಲ್ಲ ಅದರ ಹೆಸರು ಡಂಕೊ, ನಮ್ಮ ಮನೆಯಲ್ಲಿ ಬಾಬಣ್ಣ. ದಿನಾ ಕಥೆ ಮುಗಿಯುವುದು ಒಂದೇ ಜಾಗದಲ್ಲಿ. ಎಲ್ಲರ ಕಾಗದ ಹಂಚಿ ಮುಗಿದ ಮೇಲೆ ಬಾಬಣ್ಣ ಊರಾಚೆಯ ಒಂದು ಮನೆಗೆ ಹೋಗಿ, ತನ್ನದೇ ಒಂದು ಕಾಗದವನ್ನು ನೀಲಿ ಬಾಗಿಲ ಅಡಿಯಿಂದ ಒಳಗೆ ತಳ್ಳಿ, ಕಿವಿ ನಿಮಿರಿಸಿಕೊಂಡು ಸ್ವಲ್ಪ ಹೊತ್ತು ನಿಂತು, ಹಿಂದಿರುಗುತ್ತಿದ್ದ.

ನನಗೆ ಅರಬಿ ಬರುತ್ತಿರಲಿಲ್ಲ. ಅದಕ್ಕೆ ಅಪ್ಪ ಟಿ.ವಿ.ಯನ್ನು ಮ್ಯೂಟ್ ಮಾಡಿ ಎಲ್ಲರ ಮಾತನ್ನೂ ತಾವೇ ಆಡುತ್ತಿದ್ದರು. ಅಪ್ಪ ಊರಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಮಾತು ಕಟ್ಟುವುದು ಅವರಿಗೆ ನೀರು ಕುಡಿದಷ್ಟು ಸುಲಭ. ನಮ್ಮ ಮನೆಮಾತು ತುಳು. ಆದರೆ ಮಗಳ ನಾಲಿಗೆಗೆ ಕನ್ನಡ ಹತ್ತಲಿ ಎಂದು ಅಪ್ಪ ಆ ಹೊತ್ತು ಕನ್ನಡವನ್ನೇ ಆಡುತ್ತಿದ್ದರು, ಕತ್ತೆಯ ಬಾಯಲ್ಲಂತೂ ಭಾರೀ ಕನ್ನಡ.

“ಎಲೈ ನೀಲಿ ಬಾಗಿಲೇ, ನಾಲ್ಕು ಬೆಟ್ಟ ದಾಟಿ ಬಂದವನನ್ನು ಹೀಗೆ ಹೊರಗೆ ನಿಲ್ಲಿಸುವುದು ನಿನಗೆ ತರವೇ?”

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. “ಒಳಗೆ ಯಾರು ಇರುದು ಅಪ್ಪಾ?”

“ಅವನ ಅಮ್ಮ.”

“ಮತ್ತೆ ಬಾಗಿಲು ಯಾಕೆ ತೆಗೆಯುದಿಲ್ಲ?”

“ಪತ್ರೊಡೆ ಮಾಡ್ತಾ ಇದ್ದಾರೆ ಮಾರಾಯ್ತಿ. ಕೈಯೆಲ್ಲ ಹಿಟ್ಟು. ಹೇಗೆ ತೆಗೆಯುದು?”

ಪತ್ರೊಡೆ ನನ್ನ ಅಮ್ಮನ ಕೈಯ ತಿಂಡಿ. ಅಲ್ಲಿಂದ ಅದು ನಮ್ಮಿಬ್ಬರ ಆಟವೇ ಆಯಿತು. ಒಂದು ದಿನ ಆ ಅಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಾಳೆ, ಇನ್ನೊಂದು ದಿನ ಫೋನಿನಲ್ಲಿದ್ದಾಳೆ, ಮತ್ತೊಂದು ದಿನ ಬಾಗಿಲ ಚಿಲಕಕ್ಕೆ ತುಕ್ಕು ಹಿಡಿದು ಸಿಕ್ಕಿಕೊಂಡಿದೆ. ಶಾಲೆಯ ಬಸ್ಸಿನಲ್ಲಿ ಕೂತು ಆ ದಿನದ ನೆಪ ಏನಿರಬಹುದೆಂದು ನಾನು ಊಹಿಸುತ್ತ ಬರುತ್ತಿದ್ದೆ.

ಒಂದು ದಿನ ಬಸ್ಸಿಳಿದಾಗ ಗ್ರೇಸಿ ಆಂಟಿ ನಿಂತಿದ್ದರು. ಅವರಿಗದು ಡ್ಯೂಟಿಯ ಹೊತ್ತು. ಅಪ್ಪನಿಗೆ ಅಂಗಡಿಯಲ್ಲಿ ತುಂಬಾ ಕೆಲಸ ಎಂದರು. ಮೂರು ದಿನ ನಾನು ಅವರಲ್ಲೇ ಉಂಡೆ, ಅವರಲ್ಲೇ ಮಲಗಿದೆ, ಬಾಬಣ್ಣ ಅರಬಿಯಲ್ಲಿ ಮಾತಾಡುವುದನ್ನು ಕೇಳಿದೆ. ಒಂದಕ್ಷರ ತಿಳಿಯಲಿಲ್ಲ, ಅಳು ಬಂತು.

ನಾಲ್ಕನೇ ದಿನ ಅಪ್ಪ ಬಂದರು. ಗಡ್ಡ ಬೆಳೆದಿತ್ತು. ಆ ದಿನ ಮೀನಿಲ್ಲ, ಮರುದಿನವೂ ಇಲ್ಲ. ಕೇಳಿದ್ದಕ್ಕೆ, “ಮಾರ್ಕೆಟ್ಟಲ್ಲಿ ಒಳ್ಳೇ ಮೀನು ಇಲ್ಲ ಮಗಾ” ಎಂದರು. ಸಮುದ್ರದ ಪಕ್ಕದ ದೇಶದಲ್ಲಿ ಎರಡು ವಾರ ಮೀನಿಲ್ಲವೆಂದರೆ ನಂಬಿದ ಹುಡುಗಿ ನಾನು. ನಮ್ಮಲ್ಲಿ ಸಾವಾದ ಮನೆಯವರು ಉತ್ತರಕ್ರಿಯೆಯ ಬೊಜ್ಜ ಮುಗಿಯುವವರೆಗೆ ಮೀನು ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಮೂರು ಗಂಟೆಗೆ ಟಿ.ವಿ. ಮ್ಯೂಟ್ ಆಯಿತು. ಬಾಬಣ್ಣ ಬಾಗಿಲ ಮುಂದೆ ಬಂದು ನಿಂತ.

“ಇವತ್ತು ಯಾಕೆ ತೆಗೆಯುದಿಲ್ಲ?” ನಾನೇ ಕೇಳಿದೆ.

“ಒಳಗೆ ಮಗು ಮಲಗಿದೆ. ಬಾಗಿಲು ಸದ್ದಾದರೆ ಏಳ್ತದೆ.”

“ಬಾಬಣ್ಣನಿಗೆ ತಮ್ಮ ಹುಟ್ಟಿದ್ನಾ?”

“ಹೂಂ.”

“ನಮ್ಮ ಅಮ್ಮನಿಗೆ?”

ಅಪ್ಪ ಟಿ.ವಿ.ಯನ್ನೇ ನೋಡುತ್ತಿದ್ದರು. “ತಮ್ಮನೇ” ಎಂದರು.

ನನ್ನ ಸಂಭ್ರಮಕ್ಕೆ ಆ ಕಟ್ಟಡ ಸಾಲಲಿಲ್ಲ. ನಾನಾಗ ಮೂರು ಹೊತ್ತೂ ಬಾಬಣ್ಣನ ಆಟ ಆಡುತ್ತಿದ್ದೆ. ಬೆನ್ನಿಗೆ ಶಾಲೆಯ ಚೀಲ, ಅದರ ತುಂಬ ಕಾಗದದ ಚೂರು. ಆ ಸಂಜೆ ಹತ್ತು ಚೂರುಗಳಲ್ಲಿ ಇಂಗ್ಲಿಷಿನಲ್ಲಿ ನನಗೆ ತಮ್ಮ ಹುಟ್ಟಿದ್ದಾನೆ ಎಂದು ಬರೆದು, ನಮ್ಮ ಮಹಡಿಯ ಎಲ್ಲ ಬಾಗಿಲುಗಳ ಅಡಿಯಿಂದ ತಳ್ಳಿದೆ. ಆಮೇಲೆ ಕಿವಿಯ ಹತ್ತಿರ ಎರಡು ಕೈ ನಿಲ್ಲಿಸಿಕೊಂಡು ಕಾದೆ. ನಮ್ಮ ಬಾಗಿಲುಗಳೆಲ್ಲ ತೆರೆದವು. ಪಕ್ಕದ ಮಲಯಾಳಿ ಚೇಚಿ ನನ್ನ ಮುಖ ನೋಡಿದರು, ಒಳಗೆ ಹೋಗಿ ಒಂದು ಮುಷ್ಟಿ ಖರ್ಜೂರ ತಂದು ಕೊಟ್ಟರು. ಗ್ರೇಸಿ ಆಂಟಿ ಕಾಗದ ಓದಿ ಬಾಗಿಲು ಹಾಕಿಕೊಂಡರು. ಮತ್ತೆ ತೆರೆದಾಗ ಕೈಯಲ್ಲಿ ಕೇಕಿನ ತುಂಡಿತ್ತು, ಕಣ್ಣು ಕೆಂಪಗಾಗಿತ್ತು.

“ನೀರುಳ್ಳಿ ಕೊಯ್ತಾ ಇದ್ದೆ ಮಗಾ” ಎಂದರು.

ಇಡೀ ಮಹಡಿಗೆ ಗೊತ್ತಿತ್ತು. ಯಾರೂ ಹೇಳಲಿಲ್ಲ. ಅಮ್ಮ ಹೆರಿಗೆಯಲ್ಲಿ ಹೋಗಿದ್ದಳು, ಹುಟ್ಟಿದ ಗಂಡುಮಗುವೂ ಉಳಿದಿರಲಿಲ್ಲ. ಅಪ್ಪನ ಇಕಾಮಾ, ಎಂದರೆ ಅಲ್ಲಿ ವಾಸಿಸುವ ಪರವಾನಗಿ, ನವೀಕರಣಕ್ಕೆ ಹೋಗಿದ್ದರಿಂದ ಪಾಸ್‌ಪೋರ್ಟ್ ಕೈಯಲ್ಲಿರಲಿಲ್ಲ. ಆ ಮೂರು ದಿನ ಅವರು ಅದನ್ನು ಬಿಡಿಸಿಕೊಳ್ಳಲು ಕಚೇರಿಯಿಂದ ಕಚೇರಿಗೆ ಅಲೆದಿದ್ದರು. ಸಿಗಲಿಲ್ಲ. ಹೆಂಡತಿಗೆ ಬೆಂಕಿ ಕೊಟ್ಟ ಹೊತ್ತಿನಲ್ಲಿ ಅವರು ಯಾವುದೋ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದರು. ಗಲ್ಫಿನವರು ಊರಿನ ಸಾವನ್ನು ಮಕ್ಕಳಿಗೆ ಹೇಳುವುದು ಟಿಕೆಟು ಕೈಗೆ ಬಂದ ಮೇಲೆ. ಅಪ್ಪನೂ ಹಾಗೇ ಮಾಡಿದರು. ಟಿಕೆಟು ಬರಲು ಐದು ವಾರ ಹಿಡಿಯಿತು.

ಆ ಐದು ವಾರ ಬಾಬಣ್ಣನ ತಮ್ಮ ಬಾಗಿಲ ಹಿಂದೆ ಬೆಳೆದ. ಮಗ್ಗುಲಾದ, ನಕ್ಕ, ಜ್ವರ ಬಂದು ವಾಸಿಯಾದ. ಕೊನೆಯ ಕಂತಿನ ದಿನ ಅಪ್ಪ ಬಾಬಣ್ಣ ಬಾಗಿಲಿಗೆ ಬರುವ ಮೊದಲೇ ಟಿ.ವಿ. ಆರಿಸಿಬಿಟ್ಟರು.

“ಇನ್ನುಳಿದದ್ದು ನಾನೇ ಹೇಳ್ತೇನೆ” ಎಂದು ಕಪ್ಪು ಪರದೆಯ ಕಡೆ ತಿರುಗಿ ಕೂತು ಹೇಳಿದರು. ಬಾಗಿಲು ತೆರೆಯಿತು. ಅಮ್ಮ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ಅಷ್ಟೂ ಕಾಗದ ಜೋಡಿಸಿ ಇಟ್ಟಿದ್ದಾಳೆ, ಒಂದೂ ಕಳೆದಿಲ್ಲ. ನಾನು ಆ ಕಪ್ಪು ಪರದೆಯಲ್ಲಿ ಎಲ್ಲವನ್ನೂ ಕಂಡೆ.

ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಇಳಿದಾಗ ನನ್ನ ಕೈಯಲ್ಲಿ ತಮ್ಮನಿಗೆಂದು ಒಂದು ಗಿಲಕಿ ಇತ್ತು. ಕರೆಯಲು ಬಂದ ಮಾವನ ಬೋಳಿಸಿದ ತಲೆಯಲ್ಲಿ ಕೂದಲು ಗಿಡ್ಡವಾಗಿ ಮೊಳೆತಿತ್ತು. “ಮಾವ, ನಿಮ್ಮ ಕೂದಲು ಎಲ್ಲಿ ಹೋಯ್ತು?” ಎಂದು ನಾನು ನಕ್ಕೆ. ಅಪ್ಪ ಅಲ್ಲೇ, ಟ್ರಾಲಿಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ನನಗೆ ಹೇಳಿದರು.

ಆಮೇಲೆ ನನ್ನನ್ನು ಅಜ್ಜಿಯ ಬಳಿ ಬಿಟ್ಟು ಅಪ್ಪ ಒಬ್ಬರೇ ಕುವೈತಿಗೆ ಮರಳಿದರು. ಮೂರೂವರೆ ಗಂಟೆಯ ಅಪ್ಪ ವರ್ಷಕ್ಕೊಂದು ತಿಂಗಳ ಅಪ್ಪನಾದರು. ಊರಿಗೆ ಬಂದಾಗ ತಾಳಮದ್ದಳೆಯವರು ಮನೆಗೇ ಬಂದು ಕರೆದರೂ ಅವರು ಮತ್ತೆಂದೂ ಅರ್ಥ ಹೇಳಲಿಲ್ಲ. ಅಮ್ಮ ಹೋದ ದುಃಖವೆಂದು ಎಲ್ಲರೂ ಅಂದರು, ನಾನೂ ಹಾಗೇ ತಿಳಿದಿದ್ದೆ. ಅವರು ತೀರಿಕೊಂಡು ಎರಡು ವರ್ಷವಾಯಿತು.

ಈಗ ನಾನೂ ಫರ್ವಾನಿಯಾದಲ್ಲೇ ಇದ್ದೇನೆ, ಜಹ್ರಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ. ಈ ವರ್ಷ ಡಂಕೊವನ್ನು ಅದರ ಹಳೆಯ ಒಡೆಯರು ಒಂದು ದೊಡ್ಡ ಕಂಪನಿಗೆ ಮಾರಿದರು. ಹೊಸಬರು ಹಳೆಯ ಕಂತುಗಳನ್ನು ಇಂಟರ್ನೆಟ್ಟಿನಿಂದ ತೆಗೆಸತೊಡಗಿ, ಹೊಸ ಸಿನಿಮಾದ ತುಣುಕೊಂದನ್ನು ಬಿಟ್ಟರು. ಅದರಲ್ಲಿ ನೀಲಿ ಬಾಗಿಲು ತೆರೆಯುತ್ತದೆ. ಅಷ್ಟಕ್ಕೇ ಅಭಿಮಾನಿಗಳು ರೊಚ್ಚಿಗೆದ್ದರು. ನನ್ನ ವಯಸ್ಸಿನವರು, ತಲೆ ನೆರೆತವರು, ಬಾಗಿಲು ಮುಚ್ಚಿಯೇ ಇರಲಿ ಎಂದು ಸಹಿ ಸಂಗ್ರಹಿಸುತ್ತಿದ್ದರು. ನನಗೆ ನಗು ಬಂತು. ಕೊನೆಯ ಕಂತಿನಲ್ಲಿ ಬಾಗಿಲು ತೆರೆದಿತ್ತಲ್ಲ, ನಾನೇ ನೋಡಿದ್ದೇನೆ ಎಂದು ಅವರ ಗುಂಪಿನಲ್ಲಿ ಬರೆದೆ, ನೋಡಿದ್ದು ಕಪ್ಪು ಪರದೆಯಲ್ಲಿ ಎಂಬುದು ಆಗ ನೆನಪಿಗೇ ಬರಲಿಲ್ಲ. ಚೆನ್ನಾಗಿ ಉಗಿಸಿಕೊಂಡೆ.

ಮರುದಿನ ಕ್ಲಿನಿಕ್ಕಿನಲ್ಲಿ ಹನಾನ್‌ಗೆ ಹೇಳಿದೆ. ಅವಳು ಈಜಿಪ್ಟಿನವಳು, ಇಲ್ಲೇ ಬೆಳೆದವಳು, ಅದೇ ಕಾರ್ಟೂನು ನೋಡಿದವಳು.

“ಹೇಗೆ ತೆರೆಯುತ್ತೆ?” ಎಂದಳು. “ಒಳಗೆ ಯಾರೂ ಇಲ್ಲ. ಮೊದಲನೇ ದಿನವೇ ಪೋಸ್ಟ್‌ಮಾಸ್ಟರ್ ಹೇಳ್ತಾನಲ್ಲ, ನಿನ್ನ ಅಮ್ಮ ಸತ್ತುಹೋದಳು, ಆ ಮನೆ ಖಾಲಿ ಅಂತ. ಗೊತ್ತಿದ್ದೂ ಕಾಗದ ಹಾಕ್ತಾನೆ. ನಾವೆಲ್ಲ ಅದಕ್ಕೇ ಅಳ್ತಾ ಇದ್ದದ್ದು.”

ಕುವೈತಿನಲ್ಲಿ ಆ ಕಾರ್ಟೂನು ನೋಡಿದ ಮಕ್ಕಳಿಗೆಲ್ಲ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ದಿನವಿಡೀ ಗಿರಾಕಿಗಳ ಜೊತೆ ಅರಬಿ ಮಾತಾಡುತ್ತಿದ್ದ ಅಪ್ಪನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ನನ್ನನ್ನು ನಗಿಸಲೆಂದು, ಅಮ್ಮ ಇನ್ನೂ ಊರಲ್ಲಿ ಚೆನ್ನಾಗಿರುವಾಗ, ಅವರು ಸತ್ತವಳೊಬ್ಬಳ ಕೈಗೆ ಅಮ್ಮನ ಪತ್ರೊಡೆ ಕೊಟ್ಟಿದ್ದರು. ನಾಲಿಗೆಯಿಂದ ಆಡಿದ್ದು ನಿಜವಾಗುತ್ತದೆಂದು ನಂಬುವ ಊರಿನವರು ಅವರು. ಅವರು ಅರ್ಥ ಹೇಳುವುದನ್ನು ಬಿಟ್ಟದ್ದು ಯಾಕೆಂದು ನನಗೆ ಲ್ಯಾಬಿನ ಸ್ಟೂಲಿನ ಮೇಲೆ ಕೂತಿದ್ದಾಗ ಹೊಳೆಯಿತು. ನಿಮ್ಮ ತಪ್ಪಲ್ಲ ಅಪ್ಪಾ ಎಂದು ಹೇಳಲು ನನಗೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಸಮಯವಿತ್ತು. ಹೇಳಬೇಕೆಂದೇ ಗೊತ್ತಿರಲಿಲ್ಲ. ಈಗ ಹೇಳಲು ಯಾರೂ ಇಲ್ಲ.

ಮೊನ್ನೆ ಶುಕ್ರವಾರ ನನ್ನ ಮಗಳು ದಿಯಾ ಆ ಹೊಸ ತುಣುಕನ್ನು ಟ್ಯಾಬಿನಲ್ಲಿ ನೋಡುತ್ತಿದ್ದಳು. ಮಿರಿಮಿರಿ ಮಿಂಚುವ ಕತ್ತೆ ಬಾಗಿಲ ಮುಂದೆ ಬಂದಾಗ ನಾನು ಪಕ್ಕದಲ್ಲಿ ಕೂತು ಮ್ಯೂಟ್ ಒತ್ತಿದೆ. ಎಲೈ ನೀಲಿ ಬಾಗಿಲೇ ಎಂದೆ. ಮುಂದಿನ ಮಾತು ಬರಲಿಲ್ಲ. ಅಪ್ಪನ ಮಾತುಗಳಲ್ಲಿ ನನ್ನ ಬಳಿ ಉಳಿದಿದ್ದದ್ದು ಅಷ್ಟೇ, ಹೊಸದಾಗಿ ಕಟ್ಟಲು ಆ ನಾಲಿಗೆ ನನ್ನದಲ್ಲ.

“ಮಮ್ಮಾ, ಸೌಂಡ್ ಪ್ಲೀಸ್” ಎಂದಳು ದಿಯಾ.

ಸದ್ದು ಹಾಕಿ ಕೊಟ್ಟೆ. ಬಾಗಿಲು ತೆರೆಯಿತು. ತಾಯಿಕತ್ತೆ ಹೊರಗೆ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿತು, ದಿಯಾ ಚಪ್ಪಾಳೆ ತಟ್ಟಿದಳು. ನಾನು ಅದರ ಬೆನ್ನ ಹಿಂದೆ, ಮನೆಯೊಳಗೆ ಮಗುವಿದೆಯೇ ಎಂದು ನೋಡಿದೆ. ಇರಲಿಲ್ಲ.