ವಿಕಾ ಹಂಚಿದ ಮಾತ್ರೆ

ಮರದ ತೊಗಟೆ ಬಡಿದು ನಾರುಬಟ್ಟೆ ಮಾಡುವುದರಲ್ಲಿ ವಿಕಾಳನ್ನು ಮೀರಿಸುವವರು ಟೊಂಗಾ ದ್ವೀಪದ ಆ ಊರಿನಲ್ಲಿ ಇರಲಿಲ್ಲ. ಉದ್ದನೆಯ ದಿಮ್ಮಿಯ ಮುಂದೆ ಹೆಂಗಸರು ಸಾಲಾಗಿ ಕೂತರೆ ಕೊಡತಿಯ ಮೊದಲ ಪೆಟ್ಟು ಅವಳದು. ಉಳಿದವರು ಅವಳ ತಾಳಕ್ಕೆ ಸೇರಿಕೊಳ್ಳುತ್ತಿದ್ದರು.

ಅವಳ ಎಡಕ್ಕೆ ಯಾವಾಗಲೂ ತಿಲಿಸಾ, ಬಾಲ್ಯದ ಗೆಳತಿ. ಸಕ್ಕರೆ ಕಾಯಿಲೆಯಿಂದ ತಿಲಿಸಾಳ ಮೂತ್ರಪಿಂಡ ದುರ್ಬಲವಾಗಿತ್ತು. ಉಪ್ಪು ಬೇಡವೆಂದು ನರ್ಸ್ ಹೇಳಿದ ಮೇಲೆ ವಿಕಾ ಅವಳಿಗೆಂದೇ ಬೇರೆ ಪಾತ್ರೆಯಲ್ಲಿ ಕೆಸುವಿನ ಗಡ್ಡೆ ಬೇಯಿಸಿ ತರುತ್ತಿದ್ದಳು. ಊಟದಲ್ಲಿ ಅಷ್ಟು ಜಾಗ್ರತೆ ಇದ್ದವಳಿಗೆ ಮಾತ್ರೆಯ ಯೋಚನೆ ಬರಲೇ ಇಲ್ಲ.

ಪಾದ್ರಿಯ ಮಗಳ ಮದುವೆಗೆ ದೊಡ್ಡ ಬಟ್ಟೆ ಸಿದ್ಧವಾಗಬೇಕಿತ್ತು. ಅದೇ ಹೊತ್ತಿಗೆ ವಿಕಾಳ ಅಕ್ಕ ಆಕ್ಲೆಂಡಿನಿಂದ ಬಂದಳು; ಅವಳು ತಂದ ಪೆಟ್ಟಿಗೆಯಲ್ಲಿ ಸೋಪು, ಬಟ್ಟೆಗಳ ಜೊತೆ ನೋವಿನ ಮಾತ್ರೆಯ ದೊಡ್ಡ ಡಬ್ಬಿಯೂ ಇತ್ತು. ಹೊರದೇಶದಿಂದ ಬಂದದ್ದನ್ನು ಒಬ್ಬರೇ ಇಟ್ಟುಕೊಳ್ಳುವುದು ಅಲ್ಲಿ ನಾಚಿಕೆಗೇಡು. ಕೊಟ್ಟದ್ದನ್ನು ಬೇಡವೆನ್ನುವುದು ಅದಕ್ಕಿಂತ ದೊಡ್ಡ ಅವಮಾನ. ವಿಕಾ ಪ್ರತಿಯೊಬ್ಬರ ಅಂಗೈಗೂ ಒಂದೊಂದು ಮಾತ್ರೆ ಹಾಕುತ್ತ ಬಂದಳು.

"ನುಂಗ್ರೇ. ಇನ್ನು ಸೊಂಟ ಹಿಡೀತು ಅಂತ ಯಾರಾದ್ರೂ ಗೊಣಗಿದ್ರೆ ಕೊಡತೀಲೇ ಕೊಡ್ತೀನಿ!"

ತಿಲಿಸಾ ಮಾತ್ರೆಯನ್ನು ಅಂಗೈಯಲ್ಲೇ ಹೊರಳಿಸುತ್ತಿದ್ದಳು. "ಇದು ಯಾವ್ದೋ ಏನೋ..."

"ಯಾಕೆ, ನಮ್ಮಕ್ಕ ತಂದಿದ್ದು ನಿನಗೆ ಆಗಲ್ವಾ? ಮಹಾರಾಣಿ ನೋಡ್ರೇ ಇವಳು!"

ಎಲ್ಲರೂ ನಕ್ಕರು. ತಿಲಿಸಾ ತಾನೂ ನಕ್ಕು, ನುಂಗಿದಳು. ಅಂದಿನಿಂದ ದಿನವೂ ಹಾಗೆಯೇ ನಡೆಯಿತು.

ಕೆಲವು ವಾರಗಳಲ್ಲಿ ತಿಲಿಸಾಳ ಕಾಲು ಊದಿಕೊಂಡಿತು. ವಿಕಾಳೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ನರ್ಸ್ ಸೆಯಿನಿ ಕಾಲನ್ನು ಒತ್ತಿ ನೋಡಿ ಕೇಳಿದಳು: "ನಾವು ಕೊಟ್ಟಿದ್ದು ಬಿಟ್ಟು ಬೇರೆ ಏನಾದ್ರೂ ತಗೋತಿದ್ದೀರಾ ಅಮ್ಮಾ? ಸೊಪ್ಪಿನ ರಸ, ಅಂಗಡಿ ಮಾತ್ರೆ, ಯಾರಾದ್ರೂ ಕೊಟ್ಟಿದ್ದು?"

ತಿಲಿಸಾ ಗೋಡೆಯ ಕಡೆ ನೋಡಿದಳು. "ಏನೂ ಇಲ್ಲಮ್ಮ."

ಪಕ್ಕದಲ್ಲೇ ಇದ್ದ ವಿಕಾಳೂ ಮಾತ್ರೆಯ ವಿಷಯ ಹೇಳಲಿಲ್ಲ. ಹೇಳಿದರೆ ಗೆಳತಿ ಸುಳ್ಳುಗಾರ್ತಿಯಾಗುತ್ತಾಳೆ, ತಾನು ಕೊಟ್ಟದ್ದು ವಿಷವಾಗುತ್ತದೆ. ಮದುವೆ ಮುಗಿದ ಮೇಲೆ ಹೇಳೋಣ ಎಂದುಕೊಂಡಳು. ಮರುದಿನ ಬೆಳಿಗ್ಗೆ ಮಾತ್ರೆ ಹಂಚುವಾಗ ಎಲ್ಲರ ಕಣ್ಣೆದುರು ತಿಲಿಸಾಳ ಅಂಗೈಯನ್ನು ದಾಟಿ ಹೋಗಲು ಅವಳಿಂದ ಆಗಲಿಲ್ಲ.

ಮದುವೆ ಮುಗಿಯಿತು. ತಿಲಿಸಾಳಿಗೆ ವಾಂತಿ ಹತ್ತಿತು, ಮೂತ್ರ ನಿಂತಿತು. ಆಗ ವಿಕಾ ಡಬ್ಬಿ ಹಿಡಿದು ಆಸ್ಪತ್ರೆಗೆ ಓಡಿದಳು.

ಸೆಯಿನಿ ಡಬ್ಬಿಯನ್ನು ತಿರುಗಿಸಿ ನೋಡಿದಳು. "ಈ ಜಾತಿ ಮಾತ್ರೆ ಕಿಡ್ನಿಗೆ ಹೋಗೋ ರಕ್ತಾನೇ ಕಮ್ಮಿ ಮಾಡುತ್ತೆ ಅಮ್ಮಾ. ಅವರು ತಗೊಳ್ಳೋ ಬಿಪಿ ಮಾತ್ರೆ, ನೀರು ಹೋಗೋ ಮಾತ್ರೆ ಜೊತೆ ಸೇರಿದ್ರೆ ಇನ್ನೂ ಕೆಟ್ಟದ್ದು. ನೋವು ಅಂದಿದ್ರೆ ನಾವೇ ಬೇರೇದು ಕೊಡ್ತಿದ್ವಿ." ಡಬ್ಬಿಯನ್ನು ಮೇಜಿನ ಮೇಲಿಟ್ಟು ಅಂದಳು: "ಅವತ್ತು ಕೇಳಿದ್ನಲ್ಲ ನಾನು."

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ವಿಕಾಳಿಗೆ.

ರಕ್ತ ಶುದ್ಧಿ ಮಾಡುವ ಯಂತ್ರ ದ್ವೀಪದಲ್ಲಿ ಇರಲಿಲ್ಲ. ಆಕ್ಲೆಂಡಿನಲ್ಲಿದ್ದ ತಿಲಿಸಾಳ ಮಗಳು ಬಂದು ತಾಯಿಯನ್ನು ಅಲ್ಲಿಗೆ ಕರೆದೊಯ್ಯಲು ನಿಂತಳು. ಹಾಗೆ ಹೋದವರು ಯಂತ್ರವಿರುವ ಕಡೆಯೇ ಉಳಿಯಬೇಕು, ಊರಿಗೆ ಮರಳುವಂತಿಲ್ಲ. ಹೊರಡುವ ದಿನ ವಿಕಾ ಹರಿದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ತಿಲಿಸಾಳ ಮನೆಯ ಅಂಗಳದ ಮಣ್ಣಿನಲ್ಲಿ ತಲೆ ತಗ್ಗಿಸಿ ಕೂತಳು. ಅಲ್ಲಿ ತಪ್ಪು ಮಾಡಿದವರು ಕ್ಷಮೆ ಕೇಳುವ ರೀತಿ ಅದು.

"ಏಳೇ. ಮಂಡಿ ಹಿಡೀತು ಅಂತ ಮತ್ತೆ ಮಾತ್ರೆ ಹುಡುಕ್ತೀಯ," ಎಂದಳು ತಿಲಿಸಾ, ಉಸಿರು ಎಳೆದುಕೊಳ್ಳುತ್ತ.

ವಿಕಾ ಏಳಲಿಲ್ಲ.

"ಆ ಮಾತ್ರೆ ಆಗಲ್ಲ ಅಂತ ನನಗೆ ಗೊತ್ತಿತ್ತು ಕಣೇ. ಎಲ್ಲರ ಮುಂದೆ ನಿನ್ನ ಕೈ ತಳ್ಳೋಕೆ ಮನಸ್ಸು ಬರಲಿಲ್ಲ."

"ತಳ್ಳಬೇಕಿತ್ತು."

"ನೀನೊಂದು ಮಾತು ಕೇಳಬೇಕಿತ್ತು, ಇಬ್ಬರೇ ಇದ್ದಾಗ."

ತಿಲಿಸಾ ಅವಳ ಕೈ ಹಿಡಿದು ಎಬ್ಬಿಸಿ, ತನ್ನ ಚಾಪೆಯ ಮೇಲೆ ಕೂರಿಸಿಕೊಂಡಳು. ಕ್ಷಮೆ ಸಿಕ್ಕಿತು. ಆಮೇಲೆ ಮಗಳು ಬಂದು ತಾಯಿಯನ್ನು ಮೆಲ್ಲಗೆ ಕಾರಿಗೆ ಹತ್ತಿಸಿದಳು. ಆ ಮಗಳು ವಿಕಾಳ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.