ನೀರಜ್ಜಿಯ ಕುತ್ತಿಗೆ

ಶಾಲೆಯ ಸಮವಸ್ತ್ರ ಹೊಲಿಯುವ ಆ ಹೆಂಗಸಿಗೆ ಮೊದಲಿನಿಂದಲೂ ಬಾಯಿ ಜೋರು. ಅಳತೆ ಕೊಡುವಾಗ ಅಲುಗಾಡಿದ ಮಕ್ಕಳನ್ನು ಗದರಿಸುವಳು, ಬೇಗ ಕೊಡಿ ಎಂದು ಜೀವ ತಿನ್ನುವ ತಾಯಂದಿರಿಗೆ ಮುಖಕ್ಕೆ ಹೊಡೆದಂತೆ ಉತ್ತರಿಸುವಳು. ಆದರೂ ಹೊಲಿಗೆ ಗಟ್ಟಿ ಎಂದು ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಒಂದು ದಿನ ಅಳತೆಪಟ್ಟಿ ಸೊಂಟಕ್ಕೆ ತಾಗಿದ್ದೇ ತಡ, ಹುಡುಗಿಯೊಬ್ಬಳು ಕಿಟಾರನೆ ಕಿರುಚಿ ಅಮ್ಮನ ಹಿಂದೆ ಅವಿತಳು. "ಅಮ್ಮ, ಇವಳೇ ನೀರಜ್ಜಿ!"

ಅಮ್ಮನಿಗೆ ನಾಚಿಕೆಯಾಯಿತು. "ತಪ್ಪು ತಿಳ್ಕೋಬೇಡಿ. ಮಾಯಾಲೋಕದ ಕಾದಂಬರಿ ಒಂದು ಬಂದಿದೆ. ಅದ್ರಲ್ಲಿರೋ ರಾಕ್ಷಸಿ."

ಕಾದಂಬರಿ ಬರೆದವನು ದರ್ಜಿಯ ಸ್ವಂತ ತಮ್ಮ. ಅವಳು ಪುಸ್ತಕ ತರಿಸಿ ಓದಿದಳು. ನೀರಜ್ಜಿ, ಚಿಕ್ಕಂದಿನಲ್ಲಿ ಅಕ್ಕತಮ್ಮನಿಗೆ ಅಮ್ಮ ಹೇಳುತ್ತಿದ್ದ ಕತೆಯವಳು: ತೊಟ್ಟಿಯ ತಳದಲ್ಲಿ ಇರುತ್ತಾಳೆ, ಬಗ್ಗಿ ನೋಡಿದ ಮಕ್ಕಳ ಜುಟ್ಟು ಹಿಡಿಯುತ್ತಾಳೆ, 'ಅಜ್ಜೀ' ಎಂದರೆ ಕರಗಿ ಬಿಟ್ಟುಬಿಡುತ್ತಾಳೆ. ತಮ್ಮನ ನೀರಜ್ಜಿ ಕರಗುವವಳಲ್ಲ. ಹಲ್ಲಿನಿಂದ ದಾರ ಕಡಿದು ಮಕ್ಕಳ ಬಾಯಿ ಹೊಲಿಯುತ್ತಾಳೆ. ಕಿವಿಯಿಂದ ಕುತ್ತಿಗೆಯವರೆಗೆ ಸುಟ್ಟ ಕಲೆ.

ಅವಳು ನೇರ ತಮ್ಮನ ಮನೆಗೆ ಹೋಗಿ, ಉಣ್ಣುತ್ತಿದ್ದವನ ಮುಂದೆ ಪುಸ್ತಕ ಕುಕ್ಕಿದಳು. "ಏನೋ ಇದು?"

"ಕಲ್ಪನೆ, ಅಕ್ಕ. ಹಳೇ ಕತೆ ತಗೊಂಡು ಹೊಸದಾಗಿ ಕಟ್ಟಿದ್ದೀನಿ. ಈಗೆಲ್ಲ ಹಾಗೇ ಬರೀತಾರೆ."

"ಅಮ್ಮನ ನೀರಜ್ಜಿಗೆ ಸುಟ್ಟ ಕಲೆ ಇರ್ಲಿಲ್ಲ."

ತಮ್ಮ ತಟ್ಟೆಯತ್ತ ನೋಡಿದ. ಚಿಕ್ಕವನಿದ್ದಾಗ ಅವನು ಕುದಿಯುವ ನೀರಿನ ಪಾತ್ರೆಯನ್ನು ಎಳೆದುಕೊಂಡಿದ್ದ. ಅಡ್ಡ ಬಂದು ಕಿವಿ, ಕುತ್ತಿಗೆಯ ಮೇಲೆ ಸುರಿಸಿಕೊಂಡವಳು ಅಕ್ಕ.

"ನಿನ್ನ ಬಾಯಿಗೆ ಹೆದರ್ಕೊಂಡೇ ಬೆಳೆದೋನು ನಾನು," ಎಂದ ಕೊನೆಗೆ. "ಅದನ್ನ ಬರೆಯೋ ಹಕ್ಕು ನಂಗಿಲ್ವಾ?"

"ಬಯ್ದಿದ್ದನ್ನ ಬರಿ, ಬೇಡ ಅನ್ನಲ್ಲ. ಕಲೆ ಬರೆದ್ಮೇಲೆ ಅದು ಹೇಗಾಯ್ತು ಅಂತಾನೂ ಬರೀಬೇಕಿತ್ತು."

"ಹಾಗೆ ಬರೆದ್ರೆ ಓದೋರಿಗೆ ಅವಳ ಮೇಲೆ ಕನಿಕರ ಬಂದ್ಬಿಡುತ್ತೆ. ಕತೆ ಕೆಟ್ಟುಹೋಗುತ್ತೆ."

ಅವಳು ತಮ್ಮನ ಹೆಂಡತಿ ಹಾಕಿದ ಕುರ್ಚಿಯನ್ನು ಕಾಲಿನಿಂದ ಸರಿಸಿ ಹೊರಗೆ ನಡೆದಳು. ದಾರಿಯುದ್ದಕ್ಕೂ ಸೆರಗನ್ನು ಕುತ್ತಿಗೆಗೆ ಎಳೆದುಕೊಳ್ಳಬೇಕೆನಿಸಿತು, ಎಳೆದುಕೊಳ್ಳಲಿಲ್ಲ.

ಎರಡನೆಯ ಭಾಗ ಅಚ್ಚಾದಾಗ ತಮ್ಮ ಪ್ರತಿ ಹಿಡಿದು ಅಂಗಡಿಯ ಬಾಗಿಲಿಗೆ ಬಂದ. "ಇದ್ರಲ್ಲಿ ಅವಳನ್ನ ಒಳ್ಳೆಯವಳನ್ನಾಗಿ ಮಾಡಿದ್ದೀನಿ, ಅಕ್ಕ."

ಅವಳು ಯಂತ್ರ ನಿಲ್ಲಿಸಲಿಲ್ಲ. "ಅಳತೆ ಕೊಡೋದಿದ್ರೆ ಒಳಗೆ ಬಾ. ಇಲ್ಲಾಂದ್ರೆ ದಾರಿ ಬಿಡು, ಗಿರಾಕಿಗಳು ನಿಂತಿದ್ದಾರೆ."

ಅವನು ಪುಸ್ತಕವನ್ನು ಬಟ್ಟೆಯ ರಾಶಿಯ ಮೇಲಿಟ್ಟು ಹೋದ. ಅಲ್ಲಿಗೆ ಅವರ ಮಾತು ನಿಂತಿತು. ಪುಸ್ತಕ ಅವಳು ತೆರೆಯಲೂ ಇಲ್ಲ. ಅದನ್ನು ಆಸೆಯಿಂದ ನೋಡಿದ ಗಿರಾಕಿಯೊಬ್ಬಳ ಚೀಲದೊಳಗೆ ತುರುಕಿ ಕಳಿಸಿದಳು.